ಚಕ್ರದ ಕೆಳಗೆ ಆಚೆ ದಡ

ನನ್ನ ಸುತ್ತಿಗೆ ಮುಟ್ಟಿ ಹೇಳ್ತೀನಿ, ಇದು ನಡೆದಿರೋದು. ಒಂದು ಮಾತು ಸುಳ್ಳಾದ್ರೂ ನನ್ನ ಕುಲುಮೆ ಆರಿಹೋಗ್ಲಿ.

ನಾನು ಸಿದ್ಲಿಂಗಾಚಾರಿ. ಓದಿರೋದು ಮೂರ್ನೇ ಕ್ಲಾಸು. ನಮ್ಮಪ್ಪ ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕ್ತಿದ್ದ, ನಾನು ರೇಸ್ ಕಾರಿಗೆ ಸಸ್ಪೆನ್ಶನ್ ಕಟ್ತೀನಿ, ಅಂದ್ರೆ ಕುಲುಕು ತಡೆಯೋ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ರು. ಹುಣಸೂರಲ್ಲಿ ಲಕ್ಷ್ಮಣತೀರ್ಥ ಹೊಳೆ ದಂಡೇಲಿ ನನ್ನ ಶೆಡ್ಡು. ಕಾರು ಸೇತುವೆ ದಾಟೋ ಸದ್ದಲ್ಲೇ ಅದಕ್ಕೆ ಯಾವ ಕಾಲು ಕುಂಟು ಅಂತ ಹೇಳ್ತೀನಿ. ಏಳು ತಾಲ್ಲೂಕಲ್ಲಿ ಇನ್ನೊಬ್ಬ ಇದ್ರೆ ಕರ್ಕೊಂಡ್ ಬನ್ನಿ.

ನನ್ನ ಶಿಷ್ಯೆ ಬೊಳ್ಳಮ್ಮ. ಗೋಣಿಕೊಪ್ಪದೋಳು. ಮಣ್ಣು ರೋಡಿನ ರೇಸಲ್ಲಿ ಕಾರು ಓಡಿಸ್ತಾಳೆ, ಎರಡು ವರ್ಷದಿಂದ ನನ್ನ ಹತ್ರ ಕೆಲಸಾನೂ ಕಲೀತಿದ್ಲು.

ಒಂದಿನ ಬೆಳಿಗ್ಗೆ ಮೂರು ಜೊತೆ ಶಾಕ್ ಅಬ್ಸಾರ್ಬರ್ ತಂದು ನನ್ನ ಮುಂದೆ ಸುರಿದ್ಲು. ಒಂದು ಕೆಂಪು, ಒಂದು ಹಳದಿ, ಒಂದು ಕರೀದು.

"ಆಚಾರ್ರೇ, ಭಾನುವಾರ ರೇಸು. ಈ ಸಲಾನೂ ಸೋತ್ರೆ ಕಾರು ಮಾರ್ಬಿಡ್ತೀನಿ ಅಂದಿದ್ದಾರೆ ಅಪ್ಪ. ಹಿಂದಿನ ಚಕ್ರಕ್ಕೆ ಯಾವ್ದು ಹಾಕ್ಲಿ?"

"ನಿಂಗೆ ಯಾವ್ದು ಇಷ್ಟ?"

"ಕೆಂಪು. ಫಾರಿನ್ನಿಂದು. ಕಲ್ಲಿನಂಗೈತೆ, ಕಾರು ಅಲ್ಲಾಡೋದೇ ಇಲ್ಲ."

ನಾನು ಟೀ ಕುಡೀತಾ ಕೂತೆ.

ಅವಳು ಗೋಡೆ ಕಡೆ ನೋಡಿದ್ಲು. ಅಲ್ಲಿ ದೇವರ ಪಟದ ಪಕ್ಕ ಒಂದು ಸೊಟ್ಟಗಾಗಿರೋ ಹಳೇ ಶಾಕ್ ಅಬ್ಸಾರ್ಬರ್ ನೇತಾಕಿದ್ದೀನಿ. ದಿನಾ ಅದಕ್ಕೆ ಕುಂಕುಮ ಇಡ್ತೀನಿ.

"ಆಯುಧಪೂಜೆ ದಿನ ಸರಿ. ದಿನಾ ಯಾಕೆ ಇಡ್ತೀರಿ ಆ ಗುಜರಿಗೆ?"

"ಬಾಯಿ ಮುಚ್ಚು. ಅದು ನನ್ನ ಗುರು."

"ನಿಮಗೂ ಗುರು ಇದ್ರಾ? ಹುಟ್ತಾನೇ ಎಲ್ಲಾ ಕಲ್ತಿದ್ದೆ ಅಂತಿದ್ರಿ!"

"ಕೆಂಪು ಕಟ್ಟು ಹೋಗು."

ಕಟ್ಟಿದ್ಲು. ದಂಡೆ ಮೇಲಿನ ಗಾಡಿ ದಾರೀಲಿ, ಹಳ್ಳ ದಿಣ್ಣೆ ಹಾರಿಸಿ, ಹೋಗಿ ಬಂದ್ಲು. ಮುಖ ಅರಳಿತ್ತು.

"ಬಾಣ ಆಚಾರ್ರೇ, ಬಾಣ!"

"ಕೀ ಕೊಡು."

"ನೀವು ಓಡಿಸ್ತೀರಾ? ಎಪ್ಪತ್ಮೂರು ನಿಮಗೆ."

"ಕಾಲು ಬ್ರೇಕಿಗೆ ಎಟುಕುತ್ತೆ. ನೀನು ದಾರಿ ಪಕ್ಕ ಗದ್ದೆ ಕಡೆ ಮಕಾಡೆ ಮಲಕ್ಕೋ. ಗಲ್ಲ ನೆಲಕ್ಕೆ ತಾಗ್ಲಿ. ನಾನು ಹೋಗೋವಾಗ ಹಿಂದಿನ ಚಕ್ರದ ಕೆಳಗೆ ನೋಡು."

"ಏನು ನೋಡೋದು?"

"ಆಚೆ ದಡ ಕಂಡ್ರೆ ಲೆಕ್ಕ ಇಟ್ಕೋ."

ನಕ್ಕೊಂಡೇ ಮಲಗಿದ್ಲು. ನಾನು ಓಡಿಸ್ದೆ. ಅವಳಿಗಿಂತ ಚೆನ್ನಾಗಿ ಓಡಿಸ್ದೆ, ಅದು ಬೇರೆ ಮಾತು.

ತಿರುಗಿ ಬಂದಾಗ ಅವಳು ಎದ್ದು ಕೂತಿದ್ಲು. ಮೂಗೆಲ್ಲ ಧೂಳು. ನಗು ಇರ್ಲಿಲ್ಲ.

"ಎಷ್ಟು ಸಲ?"

"ಹನ್ನೊಂದು ಸಲ ಕಾಣ್ತು. ಒಂದ್ಸಲ ಅಂತೂ ಆಚೆ ದಡದಲ್ಲಿ ಬಟ್ಟೆ ಒಗೆಯೋರೂ ಕಂಡ್ರು."

"ಬಿಚ್ಚು. ಹಳದಿ ಕಟ್ಟು."

ಹಳದೀಲಿ ನಾಲ್ಕು ಸಲ ಕಾಣ್ತು.

ಕರೀದು ಕಟ್ಟೋ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಅದು ಇಲ್ಲಿಂದೇ, ಮೆತ್ತಂದು. ದಿಣ್ಣೆ ಮೇಲೆ ಕಾರು ಬಾಣಂತಿ ತೂಗೋ ತೊಟ್ಟಿಲಂಗೆ ತೂಗ್ತು. ನಾನು ಇಳಿದು ಬಂದೆ. ಅವಳು ಇನ್ನೂ ಮಲಗೇ ಇದ್ಲು.

"ಎಷ್ಟು?"

"ಒಂದ್ಸಲಾನೂ ಕಾಣ್ಲಿಲ್ಲ."

"ಹೂಂ."

"ಆದ್ರೆ ಕಾರು ಹಿಂಗೆ ಕುಣಿಯುತ್ತಲ್ಲ ಆಚಾರ್ರೇ! ನೋಡಿದೋರು ನಗ್ತಾರೆ."

"ಕಾರು ಕುಣಿಲಿ. ನೆಲ ಬಿಟ್ಟ ಚಕ್ರಕ್ಕೆ ಎಂಥಾ ಎಂಜಿನ್ ಇದ್ದು ಏನು ಬಂತು?"

ಅವಳು ಕೆಂಪು ಜೊತೆ ಎತ್ತಿ ಡಬ್ಬಕ್ಕೆ ಹಾಕಿದ್ಲು.

ಭಾನುವಾರ ಕರೀದ್ರಲ್ಲೇ ಓಡಿಸಿದ್ಲು. ಕುಣ್ಕೊಂಡು ಹೋಗೋ ಕಾರು ನೋಡಿ ಜನ ಮೊದಲು ನಕ್ಕಿದ್ದು ನಿಜ. ಎರಡನೇ ಕಾರಿಗಿಂತ ನಾಲ್ಕು ಸೆಕೆಂಡು ಮುಂದೆ ಬಂದು ಗೆದ್ಲು. ಸ್ಟೀರಿಂಗ್ ಹಿಡಿದಿದ್ದು ಅವಳು, ಒಪ್ತೀನಿ. ಕಲಿಸಿದ್ದು ಯಾರು ಅಂತ ಊರಿಗೆಲ್ಲ ಗೊತ್ತು.

ಸೋಮವಾರ ಅದೇ ಕಾರಲ್ಲಿ ಶೆಡ್ಡಿಗೆ ಬಂದ್ಲು. ಗೆದ್ದ ಹಾರ ಕೈಯಲ್ಲಿತ್ತು. ನನ್ನ ಕಾಲು ಮುಟ್ಟೋಕೆ ಬಗ್ಗಿದ್ಲು.

"ನಂಗಲ್ಲ. ಅಲ್ಲಿ," ಅಂತ ಗೋಡೆ ತೋರಿಸ್ದೆ.

ಆ ಸೊಟ್ಟ ಶಾಕ್ ಅಬ್ಸಾರ್ಬರ್ರಿಗೆ ಹಾರ ಹಾಕಿದ್ಲು. ಆಮೇಲೆ ಅದರ ಧೂಳು ಒರೆಸಿ ನೋಡಿದ್ಲು. ಕುಂಕುಮದ ಕೆಳಗೆ ಹಳೇ ಬಣ್ಣ ಇತ್ತು. ಕೆಂಪು.

"ಆಚಾರ್ರೇ, ಇದೂ ಫಾರಿನ್ನಿಂದಾ?"

"ಹೂಂ. ಕಲ್ಲಿನಂಗಿತ್ತು."

"ಯಾರ ಕಾರಿಂದು?"

"ನಲವತ್ತು ವರ್ಷದ ಕೆಳಗೆ ಒಬ್ಬ ಇದ್ದ. ಏಳು ತಾಲ್ಲೂಕಲ್ಲಿ ಅವನಂಥ ಜಾಣ ಇರ್ಲಿಲ್ಲ. ಕೂಡಿಟ್ಟಿದ್ದನ್ನೆಲ್ಲ ಇದಕ್ಕೆ ಸುರಿದ. ಮೊದಲ್ನೇ ತಿರುವಲ್ಲೇ ಕಾರು ಹೊಳೆಗೆ ಬಿತ್ತು."

ಅವಳು ನನ್ನ ಮುಖ ನೋಡಿದ್ಲು. ನಗು ಬಂದಿದ್ದನ್ನ ನುಂಗ್ಕೊಂಡ್ಲು.

"ಅಂದ್ರೆ ಗುರುಕಾಣಿಕೆ ಎಷ್ಟು ಕೊಟ್ರಿ, ಆಚಾರ್ರೇ?"

"ಹನ್ನೊಂದು ಸಾವಿರದ ಆರುನೂರ ನಲವತ್ತು ರೂಪಾಯಿ."