ದಳಪತಿ ಕೆಂಜುಟ್ಟಯ್ಯ ಮತ್ತು ಪ್ರಶ್ನೆ ಕೇಳುವ ಪಡೆ

ಮಕ್ಕಳೇ, ಬಹಳ ದೂರದ ನಕ್ಷತ್ರಗಳ ನಡುವೆ ಪ್ರಾಣಿಗಳದ್ದೇ ಒಂದು ದೊಡ್ಡ ಸಾಮ್ರಾಜ್ಯವಿತ್ತು. ಅಲ್ಲಿ ಒಂದೊಂದು ಗ್ರಹವೂ ಒಂದೊಂದು ಕಾಡು. ಈ ಕಾಡಿನಿಂದ ಆ ಕಾಡಿಗೆ ಹೋಗಬೇಕಾದರೆ ಗಗನನೌಕೆ ಹತ್ತಬೇಕು. ಎಲ್ಲವನ್ನೂ ಆಳುತ್ತಿದ್ದವಳು ಗಜಗೌರಿ ಎಂಬ ಆನೆ. ಅವಳ ದಳಪತಿ ಕೆಂಜುಟ್ಟಯ್ಯ ಎಂಬ ಹುಂಜ.

ಕೆಂಜುಟ್ಟಯ್ಯನ ಸೈನ್ಯದಲ್ಲಿ ಇದ್ದವರೆಲ್ಲ ಬಾತುಕೋಳಿಗಳು. ಅದೂ ಬೇರೆ ಬೇರೆ ಬಾತುಗಳಲ್ಲ! ಅರಮನೆಯಲ್ಲಿ ಒಂದು ಯಂತ್ರವಿತ್ತು. ಧೀರ ಬಾತುವೊಂದರ ಪುಕ್ಕವನ್ನು ಅದರೊಳಗೆ ಹಾಕಿದರೆ ಸಾಕು, ತಟ್ಟೆಯಿಂದ ಇಡ್ಲಿ ಎಬ್ಬಿಸಿದ ಹಾಗೆ, ಅದೇ ಕೊಕ್ಕು, ಅದೇ ನಡಿಗೆ, ಅದೇ ದನಿಯ ಬಾತುಗಳು ಸಾಲುಸಾಲಾಗಿ ಹೊರಗೆ ಬರುತ್ತಿದ್ದವು. ಕೆಂಜುಟ್ಟಯ್ಯ "ನಡೆ!" ಅಂದರೆ ನಡೆಯುತ್ತಿದ್ದವು. "ನಿಲ್ಲು!" ಅಂದರೆ ನಿಲ್ಲುತ್ತಿದ್ದವು. "ಯಾಕೆ?" ಎಂದು ಒಂದಾದರೂ ಕೇಳಿದ್ದಿಲ್ಲ. ಹೀಗಾಗಿ ತಾನು ತಪ್ಪೇ ಮಾಡುವುದಿಲ್ಲ ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು.

ಒಂದು ದಿನ ಒಂದು ಬಾತುವಿಗೆ ನೆಗಡಿ ಬಂತು. ಮೈ ಎಲ್ಲರದ್ದೂ ಒಂದೇ ಅಲ್ಲವೇ? ನೆಗಡಿಯೂ ಎಲ್ಲರಿಗೂ ಬಂತು. ಇಡೀ ಸೈನ್ಯ ಒಟ್ಟಿಗೆ "ಆಕ್ಷೀ!" ಎಂದು ಸೀನಿದ ರಭಸಕ್ಕೆ ಅವರೆಲ್ಲ ಕೂತಿದ್ದ ಗಗನನೌಕೆ ಬುಗುರಿಯಂತೆ ಗಿರಗಿರ ತಿರುಗಿತು. ತಿರುಗುತ್ತ ತಿರುಗುತ್ತ ಅರಮನೆಯ ಅಡುಗೆಮನೆಗೆ ನುಗ್ಗಿ ಪಾಯಸದ ಕೊಪ್ಪರಿಗೆಯಲ್ಲಿ ಕೂತಿತು!

ಗಜಗೌರಿ ತನ್ನ ಕಿವಿಯ ಮೇಲೆ ಸಿಡಿದಿದ್ದ ಪಾಯಸದ ಶಾವಿಗೆ ಕೊಡವಿಕೊಳ್ಳುತ್ತ ಹೇಳಿದಳು: "ಕೆಂಜುಟ್ಟಯ್ಯ, ಈ ಒಂದೇ ಅಚ್ಚಿನ ಸೈನ್ಯ ಇನ್ನು ಸಾಕು. ಪಾಪ, ಬಾತುಗಳು ದುಡಿದು ದಣಿದಿವೆ. ಅರಮನೆಯ ಕೆರೆಯಲ್ಲಿ ಹಾಯಾಗಿ ಈಜಿಕೊಂಡಿರಲಿ. ನೀನು ಎಲ್ಲ ಕಾಡುಗಳಲ್ಲೂ ಡಂಗುರ ಹೊಡೆಸು. ಇಷ್ಟಪಟ್ಟು ಬಂದವರನ್ನು ಸೈನ್ಯಕ್ಕೆ ಸೇರಿಸಿಕೋ."

"ಮಹಾತಾಯಿ, ಹೊಸಬರು ನನ್ನ ಮಾತು ಕೇಳುತ್ತಾರೆಯೇ?"

"ಕೇಳುತ್ತಾರೆ. ಆಮೇಲೆ ಪ್ರಶ್ನೆಯನ್ನೂ ಕೇಳುತ್ತಾರೆ," ಎಂದು ನಕ್ಕಳು ಗಜಗೌರಿ.

ಹೊಸಬರು ಬಂದೇ ಬಂದರು. ಮೊದಲನೆಯ ದಿನವೇ ಕೆಂಜುಟ್ಟಯ್ಯನ ತಲೆ ಕೆಟ್ಟಿತು.

"ದಳಪತಿಗಳೇ, ಈ ಟೊಪ್ಪಿಗೆ ಹಾಕಿದರೆ ನನ್ನ ಕಣ್ಣೇ ಮುಚ್ಚಿಹೋಗುತ್ತದೆ. ತೆಗೆಯಲೇ?" ಎಂದಿತು ಕಪ್ಪೆ ಗುಟುರಪ್ಪ.

"ಭುಜಕ್ಕೆ ಭುಜ ತಾಗಿಸಿ ನಿಲ್ಲಿ ಅಂದಿರಲ್ಲ, ಪಕ್ಕದವರು ಒಪ್ಪಿದ್ದಾರೆಯೇ?" ಎಂದಿತು ಮುಳ್ಳುಹಂದಿ ಸೂಜವ್ವ.

"ಓಡು ಅಂದಿರಿ. ಎಲ್ಲಿಗೆ ಅಂತ ಹೇಳುತ್ತೀರಾ? ಈಗ ಹೊರಟರೆ ನಾಳೆಗಾದರೂ ತಲುಪಬಹುದು," ಎಂದಿತು ಆಮೆ ಬೋಗುಣಪ್ಪ.

"ಬಾಯಿ ಮುಚ್ಚಿ!" ಎಂದು ಕೆಂಜುಟ್ಟಯ್ಯ ಕಿರುಚಿದ. "ಪ್ರಶ್ನೆ ಕೇಳಿದವರು ಒಂಟಿಕಾಲಲ್ಲಿ ನಿಲ್ಲಬೇಕು!"

ಸಂಜೆಯ ಹೊತ್ತಿಗೆ ಇಡೀ ಸೈನ್ಯ ಒಂಟಿಕಾಲಲ್ಲಿತ್ತು. ಬೋಗುಣಪ್ಪ ಮಾತ್ರ ಮಗುಚಿ ಬಿದ್ದು ಆಕಾಶ ನೋಡುತ್ತಿತ್ತು.

ಕೆಂಜುಟ್ಟಯ್ಯ ಬೇಜಾರಿನಿಂದ ಕೆರೆಯ ದಡಕ್ಕೆ ಹೋಗಿ ಕೂತ. "ನೀವಿದ್ದಾಗ ಎಷ್ಟು ಚೆನ್ನಾಗಿತ್ತು!" ಎಂದು ನಿಟ್ಟುಸಿರು ಬಿಟ್ಟ.

"ಅಪ್ಪಣೆ, ಒಡೆಯಾ!" ಎಂದವು ಬಾತುಗಳೆಲ್ಲ ಒಂದೇ ದನಿಯಲ್ಲಿ. ಅವನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಸುದ್ದಿ ಬಂತು. ಧೂಮಕೇತುವಿನ ಬಾಲದಲ್ಲಿ ವಾಸವಾಗಿದ್ದ ಕಳ್ಳ ನರಿಗಳು ತಾವರೆಗ್ರಹಕ್ಕೆ ಇಳಿದು ಹಕ್ಕಿಗಳ ಗೂಡು ದೋಚುತ್ತಿವೆಯಂತೆ! ಸೈನ್ಯ ಗಗನನೌಕೆ ಹತ್ತಿ ಜುಂಯ್ ಎಂದು ಹಾರಿತು.

ತಾವರೆಗ್ರಹದ ಮೇಲೆ ನೌಕೆ ತಗ್ಗಿನಲ್ಲಿ ಹಾರುತ್ತ ನಿಂತಿತು. ಕೆಳಗೆ ಹಚ್ಚಹಸಿರು. "ಆಹಾ, ಹುಲ್ಲುಗಾವಲು! ಎಲ್ಲರೂ ಜಿಗಿಯಿರಿ!" ಎಂದ ಕೆಂಜುಟ್ಟಯ್ಯ.

ಗುಟುರಪ್ಪ ಕೆಳಗೆ ಬಗ್ಗಿ ನೋಡಿತು. "ದಳಪತಿಗಳೇ, ಅದು ನಿಜವಾಗಿಯೂ ಹುಲ್ಲೇ?"

"ಮತ್ತೆ ಪ್ರಶ್ನೆಯೇ? ಒಂಟಿಕಾಲು! ಎಲ್ಲರೂ ಒಂಟಿಕಾಲು! ನಾನೊಬ್ಬನೇ ಸಾಕು!"

ಧೈರ್ಯಕ್ಕೇನೂ ಅವನಲ್ಲಿ ಕೊರತೆಯಿರಲಿಲ್ಲ. ಎದೆಯುಬ್ಬಿಸಿ "ಕೊಕ್ಕೊಕ್ಕೋ!" ಎಂದು ಕೂಗಿ ಜಿಗಿದೇಬಿಟ್ಟ.

ಬುಳುಕ್!

ಅದು ಹುಲ್ಲಲ್ಲ, ಪಾಚಿ! ಪಾಚಿಯ ಕೆಳಗೆ ಬರೀ ಕೆಸರು. ಕೆಂಜುಟ್ಟಯ್ಯ ಕುತ್ತಿಗೆಯವರೆಗೆ ಹೂತುಹೋದ. ರೆಕ್ಕೆ ಬಡಿದಷ್ಟೂ ಕೆಳಗಿಳಿದ.

ಪೊದೆಗಳಿಂದ ನರಿಗಳು ಹೊರಗೆ ಬಂದವು. ಒಂದರ ಕೈಯಲ್ಲಿ ಬಾಣಲೆ, ಇನ್ನೊಂದರ ಕೈಯಲ್ಲಿ ಈರುಳ್ಳಿ. "ಅಯ್ಯೋ ನಮ್ಮ ಭಾಗ್ಯವೇ! ದಳಪತಿಯೇ ಬಂದಿದ್ದಾನೆ, ಅದೂ ಹಸಿರು ಮಸಾಲೆ ಮೆತ್ತಿಕೊಂಡು!"

ಕೆಂಜುಟ್ಟಯ್ಯ ಮೇಲೆ ನೋಡಿದ. ನೌಕೆಯ ಬಾಗಿಲಲ್ಲಿ ಅವನ ಸೈನ್ಯ ಒಂಟಿಕಾಲಲ್ಲಿ ನಿಂತು ಇಣುಕುತ್ತಿತ್ತು.

"ದಳಪತಿಗಳೇ," ಗುಟುರಪ್ಪ ಕೂಗಿತು, "ಒಂದು ಪ್ರಶ್ನೆ ಕೇಳಬಹುದೇ ಎಂದು ಕೇಳಬಹುದೇ?"

"ಕೇಳೋ ಮಾರಾಯಾ! ಎಲ್ಲರೂ ಕೇಳಿ! ಬೇಗ ಕೇಳಿ!"

"ನೀವು ಮುಳುಗುತ್ತಿದ್ದೀರಾ?"

"ಹೌದು!"

"ಎತ್ತಬೇಕೇ?"

"ಹೌದು, ಹೌದು!"

"ನಾನು ಆ ನರಿಗಳ ನಡುವೆ ಒಂದು ಸುತ್ತು ಉರುಳಲೇ?" ಎಂದಿತು ಸೂಜವ್ವ.

"ಉರುಳಮ್ಮಾ, ಉರುಳು!"

ಸೂಜವ್ವ ದಡಕ್ಕೆ ಧುಮುಕಿ ಮುಳ್ಳಿನ ಚೆಂಡಾಗಿ ಉರುಳಿತು. "ಅಯ್ಯಯ್ಯೋ ಕಾಲು! ಅಯ್ಯಯ್ಯೋ ಮೂತಿ!" ಎನ್ನುತ್ತ ನರಿಗಳು ಬಾಣಲೆ ಬಿಸಾಡಿ, ಕುಣಿಯುತ್ತ ಕುಂಟುತ್ತ ತಮ್ಮ ನೌಕೆ ಹತ್ತಿ ಪರಾರಿಯಾದವು. ಇತ್ತ ಬೋಗುಣಪ್ಪ ದೋಣಿಯಂತೆ ಪಾಚಿಯ ಮೇಲೆ ತೇಲಿತು. ಅದರ ಬೆನ್ನೇರಿದ ಗುಟುರಪ್ಪ ಕೆಸರಿಗೆ ಹಾರಿ, ನೌಕೆಯಿಂದ ಇಳಿಬಿಟ್ಟ ಹಗ್ಗವನ್ನು ಕೆಂಜುಟ್ಟಯ್ಯನ ರೆಕ್ಕೆಗಳ ಕೆಳಗೆ ಕಟ್ಟಿತು. ಮೇಲಿದ್ದವರೆಲ್ಲ "ಐಸಾ!" ಎಂದು ಎಳೆದರು. ದಳಪತಿ ಪಚಕ್ಕನೆ ಹೊರಗೆ ಬಂದ.

ಅವನು ನೌಕೆಯ ಮೂಲೆಯಲ್ಲಿ ನಡುಗುತ್ತ ಕೂತ. ಜುಟ್ಟಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ರೆಕ್ಕೆಯಿಂದ ಅದನ್ನು ಒರೆಸಿಕೊಂಡ. ಕೊನೆಗೆ, "ಗುಟುರಪ್ಪ, ನೀನು ಕೇಳಿದಾಗ ನಾನು ಒಂದು ಸಲ ಕೆಳಗೆ ನೋಡಿದ್ದರೆ ಸಾಕಿತ್ತು," ಎಂದ.

ಇನ್ನು ಚೆಲ್ಲಾಪಿಲ್ಲಿಯಾದ ಗೂಡುಗಳನ್ನು ಸರಿಪಡಿಸಬೇಕಿತ್ತು. ಅಪ್ಪಣೆ ಕೊಡಲು ಕೆಂಜುಟ್ಟಯ್ಯ ರೆಕ್ಕೆ ಎತ್ತಿದ. ಯಾಕೋ ಮೆಲ್ಲಗೆ ಇಳಿಸಿದ. ಗುಟುರಪ್ಪನ ಕಡೆ ತಿರುಗಿ ಕೇಳಿದ:

"ಯಾವ ಕಡೆಯಿಂದ ಶುರುಮಾಡೋಣ? ನಿನಗೇನನ್ನಿಸುತ್ತದೆ?"

ಗುಟುರಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಗಂಟಲು ಉಬ್ಬಿಸಿ ಹೇಳಲು ಶುರುಮಾಡಿದ್ದು, ಗೂಡುಗಳೆಲ್ಲ ಸರಿಯಾಗಿ ನೌಕೆ ಅರಮನೆ ಮುಟ್ಟಿದರೂ ಇನ್ನೂ ಹೇಳುತ್ತಲೇ ಇತ್ತು. ಕೆಂಜುಟ್ಟಯ್ಯ ಕತ್ತು ಓರೆಮಾಡಿ ಕೇಳುತ್ತಲೇ ಇದ್ದ.

ನೀತಿ: ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿದರೆ, ಮುಂದಿರುವ ಅಪಾಯ ನಮಗೆ ಕಾಣದೇ ಹೋಗುತ್ತದೆ.