ಚುಕ್ಕಿ ಹಡಗಿಗೆ ಗುರುತು ನೇಯ್ದ ಬನವ್ವ

ಹೂಂಗುಟ್ಟುವವರು ಹತ್ತಿರ ಬರ್ರಿ. ಬಹಳ ಹಿಂದೆ, ಯಾವ ಕಾಲವೋ ಏನೋ, ಒಂದೂರ ನೇಕಾರ ಓಣಿಯಲ್ಲಿ ಬನವ್ವ ಅನ್ನುವವಳು ಇದ್ದಳಂತೆ. ಅವಳ ಅವ್ವ ಸಾಂತವ್ವ ಸೀರೆ ನೇಯುವವಳು. ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಸೆರಗಿನ ಮೂಲೆಯಲ್ಲಿ ಪ್ರತಿ ಮನೆಯವರೂ ತಮ್ಮದೊಂದು ಗುರುತು ನೇಯಬೇಕು. ಒಬ್ಬರದು ಗುಬ್ಬಿ ಕಾಲು, ಒಬ್ಬರದು ಜೋಳದ ತೆನೆ. ಸಾಂತವ್ವನದು ಮೂರು ಹಲ್ಲಿನ ಬಾಚಣಿಗೆ. ಗುರುತಿನ ಎಳೆ ಸೆರಗಿನ ಎಳೆಯೊಳಗೇ ಹೊಕ್ಕಿರಬೇಕು. ಅದನ್ನು ಕಿತ್ತರೆ ಸೆರಗೇ ಬಿಚ್ಚಿಕೊಳ್ಳಬೇಕು. ಹಾಗೆ ನೇಯದವಳನ್ನು ಓಣಿಯವರು ನೇಕಾರ್ತಿ ಅನ್ನುತ್ತಲೇ ಇರಲಿಲ್ಲ.

ಬನವ್ವ ಮಗ್ಗಕ್ಕೆ ಕೂಡಲಿಲ್ಲ, ಕಂಪ್ಯೂಟರಿಗೆ ಕೂತಳು. ಚುಕ್ಕಿಯಿಂದ ಚುಕ್ಕಿಗೆ ಹಡಗು ಹಾರಿಸುವ ಆಟ ಕಟ್ಟಿದಳು. ಏಳು ವರ್ಷ ಕಟ್ಟಿದಳು ಅಂತಾರೆ, ಎಪ್ಪತ್ತು ಅನ್ನುವವರೂ ಇದ್ದಾರೆ. ಹಡಗಿನ ಹೊಟ್ಟೆಯಲ್ಲಿ ಲಟಕ್ ಲಟಕ್ ಅಂತ ಸದ್ದು ಬರುತ್ತದಲ್ಲ, ಅದು ಸಾಂತವ್ವನ ಮಗ್ಗದ್ದು. ಆಟದಲ್ಲಿ ಬೆನ್ನು ಹತ್ತುವ ಹಸಿರು ಮೈಯ ರಾಕ್ಷಸನ ಗೊರಕೆ ಪಕ್ಕದ ಮನೆ ಈರಪ್ಪಜ್ಜನದು. ಬನವ್ವ ಹಾಗಂತ ಹೇಳಿದರೆ ಅವನು "ನಾ ಯಾವಾಗ ಗೊರಕಿ ಹೊಡದೇನಿ?" ಅಂತ ಜಗಳಕ್ಕೆ ಬಂದನಂತೆ. ಹಡಗಿನ ಏಳನೆಯ ಕೋಣೆಯ ಗೋಡೆ ಮೇಲೆ ಓಣಿಯ ಎಲ್ಲ ಮನೆಗಳ ಗುರುತು, ನಟ್ಟನಡುವೆ ಮೂರು ಹಲ್ಲಿನ ಬಾಚಣಿಗೆ. ಆಟ ಮುಗಿಯುವಷ್ಟರಲ್ಲಿ ಸಾಂತವ್ವ ತೀರಿಕೊಂಡಿದ್ದಳು, ಮಗ್ಗ ಸೌದೆಯಾಗಿ ಹೋಗಿತ್ತು. ಅವಳ ಸದ್ದು ಉಳಿದಿದ್ದು ಆ ಹಡಗಿನಲ್ಲಿ ಮಾತ್ರ.

ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ, ಆಟ ಮಾರುವ ಧಣಿ ಬಂದು ನೋಡಿದ. ಚುಕ್ಕಿ ಲೋಕದಲ್ಲಿ ಮಗ್ಗದ ಸದ್ದು ಯಾಕೆ, ಕೊಳ್ಳುವವರು ನಗುತ್ತಾರೆ, ಆ ಗೋಡೆಯ ಗೀಚೂ ತೆಗಿ ಅಂದ. ಬನವ್ವ ತೆಗೆಯಲಿಲ್ಲ. ತೆಗೆಯದಿದ್ದರೆ ಎದ್ದು ನಡಿ ಅಂದ. ಬನವ್ವ ಎದ್ದಳು. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಅಂದಳಂತೆ.

"ಕಿತ್ತು ನೋಡ್ರಿ ಧಣೇರ. ನಾ ಸಾಂತವ್ವನ ಮಗಳು."

ಧಣಿ ಕಂಪ್ಯೂಟರ್ ಬಲ್ಲ ಹತ್ತು ಮಂದಿಯನ್ನು ಕೂಡಿಸಿದ. ಬಾಚಣಿಗೆ ಕಿತ್ತರು, ಹಡಗಿನ ಬಾಗಿಲು ಕಳಚಿ ಬಿತ್ತು. ಸದ್ದು ಕಿತ್ತರು, ಚುಕ್ಕಿಗಳು ನಿಂತಲ್ಲೇ ಆರಿದವು. ಈರಪ್ಪಜ್ಜನ ಗೊರಕೆ ಕಿತ್ತರು, ರಾಕ್ಷಸ ಏಳಲೇ ಇಲ್ಲ. ಆ ಎಳೆ ಎಲ್ಲೆಲ್ಲಿ ಹೊಕ್ಕಿತ್ತೋ ಯಾರಿಗೂ ತಿಳಿಯಲಿಲ್ಲ. ನೂರು ಮಂದಿ ಬಂದರು ಅಂತಾರೆ, ಕಡಲಾಚೆಯವರೂ ಬಂದರು ಅಂತಾರೆ, ಆಗಲಿಲ್ಲ ಅಂತಾರೆ. ಕಡೆಗೆ ಧಣಿ ಕಿತ್ತಿದ್ದನ್ನೆಲ್ಲ ಮತ್ತೆ ಹಚ್ಚಿ, ಆಟವನ್ನು ಇದ್ದ ಹಾಗೇ ಪೇಟೆಗೆ ಬಿಟ್ಟ. ಬನವ್ವನಿಗೆ ವಾಪಸ್ ಬಾ ಅಂತ ಹೇಳಿ ಕಳಿಸಿದ. ಅವಳು ಹೋಗಲಿಲ್ಲ.

ಈಗಲೂ ಆ ಆಟ ಆಡುವವರು, ಯಾವ ದೇಶದವರೋ, ಏಳನೆಯ ಕೋಣೆಗೆ ಬಂದರೆ ನಿಲ್ಲುತ್ತಾರೆ. ಬೆನ್ನ ಹಿಂದೆ ರಾಕ್ಷಸ ಬರುತ್ತಿದ್ದರೂ ನಿಲ್ಲುತ್ತಾರೆ. ಲಟಕ್ ಲಟಕ್ ಕೇಳಿಯೇ ಮುಂದೆ ಹೋಗುತ್ತಾರೆ.

ನಮ್ಮ ಓಣಿಯಲ್ಲೂ ಅಷ್ಟೇ. ಸೀರೆ ಕೊಳ್ಳಲು ಬಂದವರು ಮೂಲೆಯ ಗುರುತು ಬೇಡ ಅಂದರೆ ನಾವು ಜಗಳ ಆಡುವುದಿಲ್ಲ. ಸೀರೆಯ ಜೊತೆ ಕತ್ತರಿಯನ್ನೂ ಅವರ ಕೈಗೆ ಕೊಟ್ಟು ಸುಮ್ಮನೆ ಕೂಡುತ್ತೇವೆ.