ಐದೂಕಾಲಿನ ಬಸ್ಸು, ಎರಡು ಕಾರ್ಡು

"ಗುರುಗಳೇ, ರೇವಣಸಿದ್ಧನೂ ನಾನೂ ಒಂದೇ ದಿನ ಇಲ್ಲಿಗೆ ಬಂದವರು. ಅವನು ಒಂದು ತಾಸಿನಲ್ಲಿ ಕಲಿಯುವುದಕ್ಕೆ ನನಗೆ ಹತ್ತು ದಿನ ಬೇಕು. ನಾನು ಅವನಿಗಿಂತ ಕಡಿಮೆಯವನೋ ಅಲ್ಲವೋ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ."

ಹೀಗೆ ಕೇಳಿದ ಶಿಷ್ಯನ ಹೆಸರು ಕರಿಬಸವ. ಅವನ ಬಟ್ಟೆಯ ಚೀಲ ಪಕ್ಕದಲ್ಲೇ ಇತ್ತು. ಉತ್ತರ ಏನೇ ಬರಲಿ, ಮಧ್ಯಾಹ್ನ ಮಠ ಬಿಟ್ಟು ಊರಿಗೆ ಹೋಗುವುದೆಂದು ಅವನು ಆಗಲೇ ತೀರ್ಮಾನಿಸಿದ್ದ. ತೀರ್ಮಾನವಾದ ಮೇಲೆ ಪ್ರಶ್ನೆ ಕೇಳುವುದು ಶಿಷ್ಯರಲ್ಲಿ ಇದ್ದದ್ದೇ.

ಪಡಸಾಲೆಯ ಕಂಬಕ್ಕೆ ಒರಗಿ, ಕಣ್ಣು ಕಾಣದ ಅಜ್ಜನೊಬ್ಬ ಕೂತಿದ್ದ. ದಿನವೂ ಈ ಹೊತ್ತಿಗೆ ಕರಿಬಸವ ಅವನಿಗೆ ಒಂದೆರಡು ಪುಟ ಓದಿ ಹೇಳುತ್ತಿದ್ದ. ರೇವಣಸಿದ್ಧ ಓದಿದರೆ ಅಜ್ಜ ಕಿವಿಗೊಡುವಷ್ಟರಲ್ಲಿ ಪುಟ ಮುಗಿದಿರುತ್ತಿತ್ತು.

ಗುರುಗಳು ಹಿಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು. ಪವಾಡದ ಕತೆಗಳು ಅವರಿಗೆ ಬರುತ್ತಿರಲಿಲ್ಲ. ಬರುವ ಕತೆಯನ್ನು ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪರೀಕ್ಷಕನಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಓಡಿಸುವುದಕ್ಕೆ ಒಳಗೊಂದು ಗ್ರಾಫಿಕ್ಸ್ ಕಾರ್ಡು ಇರುತ್ತದಲ್ಲ, ಅಂಥ ಎರಡು ಕಾರ್ಡು ತಂದುಕೊಟ್ಟರೆ ಯಾವುದು ಮೇಲು ಎಂದು ಅವನು ಹೇಳುತ್ತಿದ್ದ. ಒಂದೇ ಯಂತ್ರದಲ್ಲಿ ಒಂದಾದ ಮೇಲೊಂದು ಕೂರಿಸುತ್ತಿದ್ದ. ಒಂದೇ ಆಟವನ್ನು ಮೂರು ಮೂರು ಸಲ ಓಡಿಸುತ್ತಿದ್ದ. ಸೆಕೆಂಡಿಗೆ ಎಷ್ಟು ಚಿತ್ರ ಮೂಡಿದವು ಎಂಬುದನ್ನು ಹಲಗೆಯ ಮೇಲೆ ಬರೆಯುತ್ತಿದ್ದ. ಕಾರ್ಡು ಯಾರದು, ಯಾತಕ್ಕೆ ಬೇಕು ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳಿದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ ಎನ್ನುತ್ತಿದ್ದ. ಜನ ಇದನ್ನು ನ್ಯಾಯ ಎಂದುಕೊಂಡಿದ್ದರು. ಅವನೂ ಹಾಗೇ ಅಂದುಕೊಂಡಿದ್ದ.

ಒಂದು ದಿನ ಒಬ್ಬ ಹೆಂಗಸು ಎರಡು ಕಾರ್ಡು ತಂದಳು. ಒಂದು ಮನೆಯಲ್ಲಿದ್ದ ಹಳೆಯದು. ಇನ್ನೊಂದು ಹೊಸದು, ಆಗಷ್ಟೇ ಕೊಂಡದ್ದು. ಪರೀಕ್ಷೆ ಮುಗಿಯಿತು. ಹೊಸದು ನೂರ ನಲವತ್ತಮೂರು, ಹಳೆಯದು ಮೂವತ್ತನಾಲ್ಕು.

"ಯಾವುದನ್ನು ಇಟ್ಟುಕೊಳ್ಳಲಿ ಅಣ್ಣಾ?"

"ಇದೂ ಒಂದು ಪ್ರಶ್ನೆಯೇ ಅಕ್ಕಾ? ಎತ್ತಿನ ಗಾಡಿಯನ್ನು ರೈಲಿನ ಜೊತೆ ಓಡಿಸಿ ಅಂತ ತಂದಿದ್ದೀರಿ."

ಆಕೆ ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ತೆಗೆದುಕೊಂಡು ಹೋದಳು. ಅವನು ಹಳೆಯದನ್ನು ತಂಪಾಗಿಡುವ ಪುಟ್ಟ ಫ್ಯಾನು ಬಿಚ್ಚಿ ಬೇರೆ ಯಾರದೋ ಕಾರ್ಡಿಗೆ ಹಾಕಿದ. ಉಳಿದದ್ದನ್ನು ಗುಜರಿ ಬುಟ್ಟಿಗೆ ಎಸೆದ.

ಐದನೆಯ ದಿನ ಆಕೆ ಮತ್ತೆ ಬಂದಳು.

"ಅಣ್ಣಾ, ಆ ಹಳೇದು ಇದೆಯಾ? ನಮ್ಮಪ್ಪ ಊಟ ಬಿಟ್ಟಿದ್ದಾರೆ."

ಅವನು ಅಂದು ಮೊದಲ ಸಲ ಕೇಳಿದ, ಯಾಕೆ ಎಂದು.

ಅಪ್ಪ ಬಸ್ ಡ್ರೈವರ್ ಆಗಿದ್ದವನು. ಇಪ್ಪತ್ತೊಂಬತ್ತು ವರ್ಷ ಬೆಟ್ಟದ ದಾರಿಯಲ್ಲಿ ಸಂಜೆ ಐದೂಕಾಲಿನ ಬಸ್ಸು ಓಡಿಸಿದ್ದ. ಆಮೇಲೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮಗಳು ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿಸಿ, ಮೇಜಿಗೆ ಆಟದ ಸ್ಟೇರಿಂಗ್ ಕಟ್ಟಿಕೊಟ್ಟಳು. ಆಟದಲ್ಲೂ ಒಂದು ಬೆಟ್ಟದ ದಾರಿ ಇತ್ತು. ಹದಿನಾಲ್ಕು ತಿರುವು, ಸುಮಾರು ಒಂದು ತಾಸಿನ ಹಾದಿ. ಅವನು ದಿನವೂ ಐದೂಕಾಲಿಗೆ ಸರಿಯಾಗಿ ಹೊರಟು ಕೊನೆಯ ಸ್ಟಾಪು ಮುಟ್ಟಿಸಿ ಊಟಕ್ಕೆ ಏಳುತ್ತಿದ್ದ.

ಅವರ ಬೀದಿಯಲ್ಲಿ ಐದರಿಂದ ಏಳರವರೆಗೆ ಕರೆಂಟ್ ಇರುತ್ತಿರಲಿಲ್ಲ. ಕಂಪ್ಯೂಟರು ಯುಪಿಎಸ್ ಬ್ಯಾಟರಿಯ ಮೇಲೆ ಓಡಬೇಕು. ಹಳೆಯ ಕಾರ್ಡು ಕಡಿಮೆ ಕರೆಂಟ್ ತಿನ್ನುತ್ತಿತ್ತು, ಬ್ಯಾಟರಿ ತಾಸಿನ ಮೇಲೆ ಬಾಳುತ್ತಿತ್ತು. ಹೊಸ ಕಾರ್ಡು ಇಪ್ಪತ್ತು ನಿಮಿಷದಲ್ಲಿ ಬ್ಯಾಟರಿ ಮುಗಿಸಿತು. ನಾಲ್ಕು ಸಂಜೆಯೂ ಐದನೇ ತಿರುವಿನಲ್ಲಿ ಪರದೆ ಕಪ್ಪಾಯಿತು. ಮರಗಳು ಬಹಳ ಚೆನ್ನಾಗಿ ಕಾಣುತ್ತಿದ್ದವಂತೆ, ಅಲ್ಲಿಯವರೆಗೆ.

"ಮೊದಲ ದಿನ ಸುಮ್ಮನಿದ್ದರು. ನಾಲ್ಕನೇ ದಿನ, 'ನಾನು ಜನರನ್ನ ನಡುದಾರಿಯಲ್ಲಿ ಇಳಿಸಿದವನಲ್ಲ ಕಣಮ್ಮಾ' ಅಂತ ಮುಖ ಗೋಡೆ ಕಡೆ ತಿರುಗಿಸಿ ಮಲಗಿಬಿಟ್ಟರು. ನಿನ್ನೆಯಿಂದ ಒಂದು ತುತ್ತೂ ಮುಟ್ಟಿಲ್ಲ."

"ಏಳು ಗಂಟೆಯ ಮೇಲೆ ಓಡಿಸಲಿ ಅಕ್ಕಾ. ಕರೆಂಟ್ ಬಂದಿರುತ್ತದೆ."

"ಐದೂಕಾಲಿನ ಬಸ್ಸನ್ನ ಏಳಕ್ಕೆ ಬಿಡ್ತಾರಾ ಅಣ್ಣಾ?"

ಅವನು ಎದ್ದು ಮೂಲೆಗೆ ಹೋದ. ಬುಟ್ಟಿಯನ್ನು ನೆಲದ ಮೇಲೆ ಸುರಿದ. ಕಾರ್ಡು ತಳದಲ್ಲಿ ಸಿಕ್ಕಿತು, ಫ್ಯಾನಿಲ್ಲದೆ. ಅದರ ಫ್ಯಾನು ಮಾರಾಟವಾಗಿ ಹೋಗಿತ್ತು. ಕಾರ್ಡಿನ ಧೂಳು ಒರೆಸಿದ. ಆಮೇಲೆ ತನ್ನ ಪರೀಕ್ಷೆಯ ಯಂತ್ರವನ್ನೇ ಬಿಚ್ಚಿ, ಅದರ ಒಂದು ಫ್ಯಾನನ್ನು ತೆಗೆದು ಇದಕ್ಕೆ ತಂತಿಯಲ್ಲಿ ಬಿಗಿದ. ಆ ದಿನ ಅಂಗಡಿಯಲ್ಲಿ ಇನ್ನು ಯಾವ ಪರೀಕ್ಷೆಯೂ ನಡೆಯುವಂತಿರಲಿಲ್ಲ. ಬಾಗಿಲು ಹಾಕಿ ಆಕೆಯ ಜೊತೆ ಹೊರಟ.

ಮನೆ ಮುಟ್ಟಿ ಕಾರ್ಡು ಕೂರಿಸುವಷ್ಟರಲ್ಲಿ ಐದಕ್ಕೆ ಕರೆಂಟ್ ಹೋಯಿತು. ಮುದುಕ ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಅಪ್ಪಾ, ಐದೂ ಹತ್ತಾಯ್ತು. ಸ್ಟ್ಯಾಂಡಿನಲ್ಲಿ ಜನ ನಿಂತಿದ್ದಾರೆ" ಎಂದಳು ಮಗಳು.

ಮುದುಕ ಎದ್ದ. ಕುರ್ಚಿಯವರೆಗೆ ಮಗಳು ಹಿಡಿದುಕೊಂಡಳು. ಬಲಗೈ ಸ್ಟೇರಿಂಗಿನ ಮೇಲೆ ಬಂತು. ಬಾಗಿಲ ಬಳಿ ನಿಂತ ಪರೀಕ್ಷಕನನ್ನು ನೋಡಿ, "ಹತ್ತಿದ ಮೇಲೆ ಕೂತುಕೊಳ್ಳಪ್ಪಾ, ಫುಟ್‌ಬೋರ್ಡಿನಲ್ಲಿ ನಿಲ್ಲಬೇಡ" ಎಂದ.

ಪರೀಕ್ಷಕ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತ.

ಬಸ್ಸು ಹೊರಟಿತು. ಚಿತ್ರ ತಡವರಿಸುತ್ತಿತ್ತು. ಮರಗಳು ಬಸ್ಸು ಹತ್ತಿರ ಬಂದ ಮೇಲೆ ಮೂಡುತ್ತಿದ್ದವು. ಪರೀಕ್ಷಕ ಅಭ್ಯಾಸದಂತೆ ಮನಸ್ಸಿನಲ್ಲೇ ಎಣಿಸತೊಡಗಿದ. ಮೂವತ್ತು, ಇಪ್ಪತ್ತೆಂಟು. ಮುದುಕ ಪ್ರತಿ ತಿರುವಿಗೂ ಹಾರನ್ ಹೊಡೆದ. ಐದನೇ ತಿರುವಿನಲ್ಲಿ ಮಗಳು ಪರದೆಯ ಹತ್ತಿರ ಬಾಗಿದಳು. ತಿರುವು ದಾಟಿತು. ಆರನೆಯದಕ್ಕೆ ಪರೀಕ್ಷಕ ಎಣಿಸುವುದನ್ನು ಬಿಟ್ಟ. ಹನ್ನೊಂದನೆಯದರಲ್ಲಿ ಬಸ್ಸಿನ ಜೊತೆ ತಾನೂ ವಾಲುತ್ತಿರುವುದು ಅವನಿಗೆ ಗೊತ್ತಾಯಿತು. ಬ್ಯಾಟರಿ ಕೀ ಕೀ ಎಂದು ಕೂಗಲು ಶುರುಮಾಡಿತು.

ಆರೂಕಾಲಿಗೆ ಬಸ್ಸು ನಿಂತಿತು.

"ಕೊನೇ ಸ್ಟಾಪು. ನಿಧಾನ ಇಳೀರಿ, ಸಾಮಾನು ಮರೀಬೇಡಿ."

ಪರೀಕ್ಷಕ ಸ್ಟೂಲಿನಿಂದ ಎದ್ದು ತನ್ನ ಸ್ಕ್ರೂಡ್ರೈವರಿನ ಚೀಲ ತೆಗೆದುಕೊಂಡ. ಮಗಳು ತಟ್ಟೆ ತಂದಿಟ್ಟಳು. ಮುದುಕ ಕೈ ತೊಳೆದುಕೊಂಡು ಉಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಹೊಸ ಕಾರ್ಡು ಕೆಟ್ಟದ್ದೇ?" ಎಂದು ಕರಿಬಸವ ಕೇಳಿದ.

"ಯಾರು ಹಾಗೆಂದರು? ಕರೆಂಟ್ ಹೋಗದ ಮನೆಯೊಂದನ್ನು ಸೇರಿತು. ಅಲ್ಲಿ ಚೆನ್ನಾಗಿ ಓಡುತ್ತಿದೆ."

ಕರಿಬಸವನ ಮುಖ ತಿಳಿಯಾಯಿತು. ಸಮಾಧಾನ ಬೇಕಾದವರು ಅದನ್ನು ಬೇಗ ಹುಡುಕಿಕೊಳ್ಳುತ್ತಾರೆ.

"ತಿಳಿಯಿತು ಗುರುಗಳೇ. ಆ ಹಳೆಯ ಕಾರ್ಡು ನಾನು."

ಗುರುಗಳು ಬಾಯಿ ಕಟ್ಟಿದ ಚೀಲವನ್ನು ನೋಡಿದರು. ಕಂಬಕ್ಕೆ ಒರಗಿ ಕೂತಿದ್ದ ಅಜ್ಜನನ್ನು ನೋಡಿದರು.

"ಅಲ್ಲ ಮಗೂ, ಯಾರು ಕಾಯುತ್ತಿದ್ದಾರೆಂದು ಕೇಳದೆ ಅದನ್ನು ಬುಟ್ಟಿಗೆ ಎಸೆದವನು ನೀನು."